ಗುರ್ ಎನ್ನದ ನಾಯಿ

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಳತೆ ಅಕ್ಕ ಎಂದು. ನಗರಸಭೆಯ ನಾಯಿಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ: ಬಂದ ನಾಯಿ ಯಾವ ತಳಿಯದು ಎಂದು ಹೇಳುವುದು. ಕತ್ತಿನಲ್ಲಿ ದರ್ಜಿಯ ಟೇಪು, ಜೇಬಿನಲ್ಲಿ ತಲೆಬುರುಡೆಯ ಅಗಲ ಅಳೆಯುವ ಕಬ್ಬಿಣದ ಕೈವಾರ, ಕಂಕುಳಲ್ಲಿ ಕಾರ್ಡುಗಳ ಕಟ್ಟು. ನಿಜ ಹೇಳಬೇಕೆಂದರೆ ಟೇಪು, ಕೈವಾರ ಎಲ್ಲ ಊರವರ ಕಣ್ಣಿಗೆ. ನಾಯಿ ಗೇಟು ದಾಟುವ ಮೊದಲೇ ಅವಳ ಮನಸ್ಸಿನಲ್ಲಿ ತೀರ್ಪು ಬಿದ್ದಿರುತ್ತಿತ್ತು. ಆಮೇಲೆ ಬರುವ ಅಳತೆ ಅದಕ್ಕೆ ತಲೆಯಾಡಿಸುತ್ತಿತ್ತು, ಅಷ್ಟೆ. ಒಂದೇ ಒಂದು ಸಲವೂ ತಪ್ಪಿರಲಿಲ್ಲ ಎಂಬುದು ಅವಳ ಹೆಮ್ಮೆ. ಹೆಮ್ಮೆ ಪಡಬಾರದೆಂದಲ್ಲ, ಆದರೆ ಅದನ್ನು ಎಲ್ಲಿ ಮಡಚಿಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಹೊಸಬರು ಸೇರಿದ ದಿನ ಅವಳು ಮಾಡುತ್ತಿದ್ದ ಪಾಠವನ್ನು ಹಳಬರೂ ಕೆಲಸ ಬಿಟ್ಟು ಬಂದು ಕೇಳುತ್ತಿದ್ದರು.

"ಬುಲ್ ಅಂತ ಹೆಸರಿರೋವೆಲ್ಲ ಒಂದೇ ಅಂದ್ಕೋಬೇಡಿ. ಅದೊಂದು ದೊಡ್ಡ ಮನೆತನ, ಒಳಗೆ ಒಬ್ಬೊಬ್ಬರದು ಒಂದೊಂದು ಬುದ್ಧಿ. ಬುಲ್‌ಡಾಗ್ ಅನ್ನೋರು ಮನೆಗೆ ಹಿರಿಯ ತಾತ. ಮೂಗು ಚಪ್ಪಟೆ, ಕೂತಲ್ಲೇ ಗೊರಕೆ, ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಬುಲ್ ಟೆರಿಯರ್ ಮೊಟ್ಟೆ ಮುಖದ ಚಿಕ್ಕಪ್ಪ, ತಲೆ ಸ್ವಲ್ಪ ತಿಕ್ಲು, ಆದ್ರೂ ಮನೆಗೆ ಬೇಕಾದವನು. ಸ್ಟಾಫರ್ಡ್‌ಶೈರ್ ಮೊಣಕಾಲೆತ್ತರದ ಕುಳ್ಳ, ಜನ ಅಂದ್ರೆ ಪ್ರಾಣ ಬಿಡ್ತಾನೆ. ಪಿಟ್ ಬುಲ್ ಪೈಲ್ವಾನ, ಮೈಯೆಲ್ಲ ಹುರಿ ಹಗ್ಗ, ಹುಡುಕಿದ್ರೂ ಕೊಬ್ಬು ಸಿಗಲ್ಲ. ಅಮೆರಿಕನ್ ಬುಲ್ಲಿ ಅವನ ಜಿಮ್‌ಗೆ ಹೋಗೋ ಮಗ, ನೋಡಕ್ಕೆ ಬಟ್ಟೆ ಬೀರುವಿನಷ್ಟು ಅಗಲ. ಬುಲ್ ಮಾಸ್ಟಿಫ್ ಗೇಟು ಕಾಯೋ ಸೋದರಮಾವ, ಮಾತು ಕಮ್ಮಿ, ಗುರುತಿಲ್ಲದವರನ್ನ ಕೆಡವಿ ಮೇಲೆ ಕೂತ್ಬಿಡ್ತಾನೆ. ಬಾಕ್ಸರ್ ಮನೆಗೊಬ್ಬ ಕೋಡಂಗಿ, ಮುದುಕ ಆದ್ರೂ ಬುದ್ಧಿ ಬರಲ್ಲ."

ಎಲ್ಲರೂ ನಗುತ್ತಿದ್ದರು. ನಗದೆ ಬಕೆಟ್ಟಿಗೆ ನೀರು ತುಂಬುತ್ತಿದ್ದವನು ಒಬ್ಬನೇ, ಗೂಡು ತೊಳೆಯುವ ಮುದುಕ. ಅವನಿಗೆ ಬಕೆಟ್ ಮಾವ ಎಂದು ಹೆಸರು ಬಿದ್ದಿತ್ತು. ಜನ್ಮದಲ್ಲಿ ಯಾರಿಗೂ ಬಕೆಟ್ ಹಿಡಿದವನಲ್ಲ, ಹಿಡಿದದ್ದು ನಾಯಿಗಳಿಗೆ ಮಾತ್ರ. ತಳಿಯ ಹೆಸರುಗಳಲ್ಲಿ ಮೂರಕ್ಕೂ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ಒಂದು ಉದ್ಯಾನದಲ್ಲಿ ಯಾರಿಗೋ ನಾಯಿ ಕಚ್ಚಿ ದೊಡ್ಡ ಗಲಾಟೆಯಾದ ಮೇಲೆ ಪಟ್ಟಿ ಬಂದಿತ್ತು. ಪಿಟ್ ಬುಲ್ಲು, ಅದರ ಹತ್ತಿರದ ಎರಡು ದೊಡ್ಡ ತಳಿಗಳು, ಹೀಗೆ ಮೂರನ್ನು ಊರೊಳಗೆ ಇಟ್ಟುಕೊಳ್ಳುವಂತಿಲ್ಲ. ಅಗಲ ತಲೆಯ ನಾಯಿ ಯಾರ ಮನೆಯಲ್ಲಿದ್ದರೂ ಅಳೆಸಬೇಕು. ಕಾರ್ಡಿನಲ್ಲಿ ಇಪ್ಪತ್ತೆರಡು ಗುರುತು; ಹದಿನೈದು ಕೂಡಿದರೆ ನಾಯಿ ಪಟ್ಟಿಯೊಳಗೆ. ಪಟ್ಟಿಯೊಳಗಿನ ನಾಯಿಗೆ ಹಿಂದಿನ ಸಾಲಿನ ಗೂಡು, ಗುರುವಾರ ಡಾಕ್ಟರರ ಕೊನೆಯ ಸೂಜಿ. ಅದನ್ನು ಯಾರಿಗೂ ಕೊಡುವಂತಿಲ್ಲ. ಪಟ್ಟಿಯ ಹೊರಗಿನ ನಾಯಿ ಅದರ ಒಡೆಯನ ಮನೆಗೇ ವಾಪಸು, ಬೇರೆ ಯಾರ ಮನೆಗೂ ಅಲ್ಲ. ಮೂರನೆಯ ದಾರಿ ಎಂಬುದನ್ನು ಬರೆದವರು ಬರೆಯಲು ಮರೆತಿದ್ದರೋ, ಬೇಡವೆಂದು ಬಿಟ್ಟಿದ್ದರೋ ತಿಳಿಯದು.

ಆ ತಿಂಗಳ ಒಂದು ಭಾನುವಾರ ಮಗಳ ಫೋನು ಬಂತು.

ಮಗಳು ತಾನಾಗಿ ಫೋನು ಮಾಡಿ ಎರಡು ವರ್ಷವಾಗಿತ್ತು. ತಪ್ಪು ಅಳತೆ ಅಕ್ಕನದೇ. ಮಗಳು ಮೆಚ್ಚಿದವನನ್ನು ಮೊದಲ ಸಲ ಮನೆಗೆ ಕರೆತಂದಾಗ ಒಂದು ನೋಟ ನೋಡಿ, ಅವನು ಕೈತೊಳೆಯಲು ಹೋದಾಗ, "ಈ ಮುಖ ಆಗಿಬರಲ್ಲ" ಎಂದುಬಿಟ್ಟಿದ್ದಳು. ನಲ್ಲಿಯ ಸದ್ದಿನ ನಡುವೆಯೂ ಅವನಿಗೆ ಅದು ಕೇಳಿಸಿತ್ತು. ಮದುವೆಯಾಯಿತು, ಮಗು ಹುಟ್ಟಿತು, ಮೊಮ್ಮಗಳಿಗೆ ಹನ್ನೊಂದು ತಿಂಗಳಾಯಿತು. ಅಜ್ಜಿ ಆ ಮಗುವನ್ನು ಎತ್ತಿಕೊಂಡದ್ದು ಬೆರಳೆಣಿಕೆಯ ಸಲ. ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುವುದೂ ಹೆಚ್ಚೇ, ಅವೆರಡು ಒಂದೇ ಬಚ್ಚಲಲ್ಲಾದರೂ ಇರುತ್ತವೆ.

"ಅಮ್ಮಾ, ನಮ್ಮ ದಿಂಬುನ ಅಳೆಸ್ಬೇಕಂತೆ, ನೋಟಿಸ್ ಬಂದಿದೆ. ಬೇರೆಯವರು ಬೇಡ. ನೀನೇ ಬಾ" ಎಂದಳು ಮಗಳು. ಆಮೇಲೆ ಸಣ್ಣ ದನಿಯಲ್ಲಿ, "ಅದನ್ನ ಉಳಿಸ್ಕೊಡಮ್ಮಾ" ಎಂದಳು.

ಫೋನಿಟ್ಟ ಮೇಲೆ ಅಳತೆ ಅಕ್ಕ ಕನ್ನಡಿಯ ಮುಂದೆ ನಿಂತು ಎರಡು ಸಲ ತಲೆ ಬಾಚಿಕೊಂಡಳು.

ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಪಡಸಾಲೆ, ಕಿಟಕಿಯ ಕೆಳಗೆ ಹಳದಿ ಚಾಪೆ. ಚಾಪೆಯ ಮೇಲೆ ಮಲಗಿತ್ತು ದಿಂಬು, ಅದರ ಹೊಟ್ಟೆಗೆ ತಲೆ ಕೊಟ್ಟು ಮಲಗಿತ್ತು ಮಗು. ಹೆಸರು ಬಂದದ್ದೇ ಹಾಗೆ. ಕಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಚಪ್ಪಟೆ ಮೂತಿ, ಹಣೆಯಲ್ಲಿ ನೆರಿಗೆ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅವಳಿಗೆ ಗೊತ್ತಾಯಿತು: ಬಾಕ್ಸರ್ ಅರ್ಧಕ್ಕಿಂತ ಹೆಚ್ಚು, ಮಿಕ್ಕಿದ್ದು ಬುಲ್‌ಡಾಗ್. ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ಎದೆಯಿಂದ ಕಲ್ಲು ಇಳಿದಂತಾಯಿತು.

ಆದರೂ ಅಳೆದಳು. ಅಳಿಯ ನಾಯಿಯ ಬೆಲ್ಟು ಹಿಡಿದು ನಿಂತ. ಲಿಫ್ಟುಗಳನ್ನು ರಿಪೇರಿ ಮಾಡುವವನು, ಅಚ್ಚುಕಟ್ಟು ಮನುಷ್ಯ, ಉಗುರಿನೊಳಗೆ ಒಂದಿಷ್ಟು ಗ್ರೀಸು ಬಿಟ್ಟರೆ ಮೈಮೇಲೆ ಕೊಳೆಯಿಲ್ಲ. ಅವಳು ಕೈವಾರವನ್ನು ನಾಯಿಯ ಕೆನ್ನೆಗೆ ಇಟ್ಟಳು. ಕದಲಲಿಲ್ಲ. ತುಟಿ ಎತ್ತಿ ಹಲ್ಲು ನೋಡಿದಳು. ಕದಲಲಿಲ್ಲ. ಮಗು ಎದ್ದು ಬಂದು ಅದರ ಕಿವಿ ಜಗ್ಗಿತು. ನಾಯಿ ಮುಖವನ್ನು ಸ್ವಲ್ಪ ಆಚೆ ತಿರುಗಿಸಿತು, ಮೂಗು ನೆಕ್ಕಿಕೊಂಡಿತು, ಕಣ್ಣಂಚಿನಲ್ಲಿ ಬಿಳಿ ಕಂಡಿತು. ಮತ್ತೆ ಕಲ್ಲು.

"ನೋಡಿ ಅತ್ತೆ, ಒಂದು ದಿನ ಗುರ್ ಅಂದಿಲ್ಲ" ಎಂದ ಅಳಿಯ. "ತಂದ ಹೊಸದ್ರಲ್ಲಿ ಊಟದ ತಟ್ಟೆ ಮುಟ್ಟಿದ್ರೆ ಗುರ್ ಅನ್ನೋದು. ಮಗು ಬರೋ ಮನೆ, ಅದೆಲ್ಲ ಆಗತ್ತಾ? ಟ್ರೈನರ್ ಹತ್ರ ಬಿಟ್ವಿ. ಗುರ್ ಅಂದ್ರೆ ಕತ್ತಿನ ಬೆಲ್ಟಲ್ಲಿ ಕರೆಂಟು ಚುರ್ ಅನ್ನತ್ತೆ, ಅಷ್ಟೇ. ನಾಲ್ಕೇ ವಾರ! ಈಗ ಉಸಿರೂ ಎತ್ತಲ್ಲ."

ಕತ್ತಿನ ಸುತ್ತಳತೆ ತೆಗೆಯುವಾಗ ಅವಳ ಬೆರಳಿಗೆ ಎರಡು ಬೋಳು ಕಲೆಗಳು ಸಿಕ್ಕವು, ಬೊಬ್ಬೆ ಒಣಗಿದ ಹಾಗೆ ಗಟ್ಟಿ. ಕಾರ್ಡಿನಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ. ಅವಳು ಬರೆಯಲಿಲ್ಲ.

ಇಪ್ಪತ್ತೆರಡರಲ್ಲಿ ಆರು. "ಪಟ್ಟಿಯ ಹೊರಗೆ" ಎಂದು ಬರೆದು ಮುದ್ರೆ ಒತ್ತಿದಾಗ ಮಗಳು ಹಿಂದಿನಿಂದ ಬಂದು ಅವಳನ್ನು ತಬ್ಬಿಕೊಂಡಳು. ಅಂದು ಅಳತೆ ಅಕ್ಕ ಅಲ್ಲೇ ಊಟ ಮಾಡಿದಳು. ಅಳಿಯ ತಾನೇ ಬಡಿಸಿದ. ಮೊಮ್ಮಗಳು ತೊಡೆಯೇರಿ ಅವಳ ಟೇಪನ್ನು ಚೀಪಿದಳು. ಮುಂದಿನ ಭಾನುವಾರವೂ ಬಾ ಎಂದು ಮಗಳು ಎರಡು ಸಲ ಹೇಳಿದಳು. ಇಷ್ಟು ಸುಖ ಒಂದೇ ಮಧ್ಯಾಹ್ನ ಸಿಕ್ಕರೆ ಯಾರಾದರೂ ಬೋಳು ಕಲೆಯ ಬಗ್ಗೆ ಯೋಚಿಸುತ್ತಾರೆಯೇ?

ಸೋಮವಾರ ಅವಳು ನಾಯಿಮನೆಯಲ್ಲಿ ಹತ್ತು ಜನಕ್ಕೆ ಈ ಕಥೆ ಹೇಳಿದಳು. ಹನ್ನೊಂದನೆಯವನು ಬಕೆಟ್ ಮಾವ. ಗೂಡಿನ ನೆಲ ಉಜ್ಜುತ್ತ ಕೇಳಿಸಿಕೊಂಡ.

"ಮಾತಾಡತ್ತಾ ಅದು?" ಎಂದ.

"ಯಾವುದು?"

"ನಾಯಿ ಕಣಮ್ಮಾ. ಬೇಡ ಅಂತ ಅನ್ನತ್ತಾ? ಗುರ್ ಅನ್ನೋದು, ಹಲ್ಲು ತೋರ್ಸೋದು?"

"ಇಲ್ಲ ಮಾವ. ಅದೇ ಹೇಳಿದ್ನಲ್ಲ, ಬೆಣ್ಣೆ. ಟ್ರೈನಿಂಗ್ ಆಗಿದೆ. ಗುರ್ ಅನ್ನೋದೇ ಮರೆತುಬಿಟ್ಟಿದೆ."

ಮುದುಕ ಪೊರಕೆ ನಿಲ್ಲಿಸಿದ. ಎಡಗೈ ಎತ್ತಿ ತೋರಿಸಿದ. ಕಿರುಬೆರಳೂ ಅದರ ಪಕ್ಕದ್ದೂ ಗಿಣ್ಣಿನ ಮೇಲಕ್ಕಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಅದನ್ನು ಯಾವುದೋ ಯಂತ್ರದ ಕೆಲಸವೆಂದುಕೊಂಡಿದ್ದಳು.

"ಇದನ್ನ ತಿಂದೋನು ಯಾವ ತಳಿ ಅಂತ ನಂಗೆ ಗೊತ್ತಿಲ್ಲ, ನೀವು ನೋಡಿದ್ರೆ ಹೇಳ್ತಿದ್ರಿ. ನಂಗೆ ಗೊತ್ತಿರೋದು ಒಂದೇ. ಅವನ ಬಾಯಿ ಕಟ್ಟಿದ್ರು. ಬೊಗಳೋ ನಾಯಿ ಕಚ್ಚಲ್ಲ ಅಂತ ಗಾದೆ ಹೇಳ್ತೀವಿ, ಅರ್ಧ ಹೇಳಿ ನಿಲ್ಲಿಸ್ತೀವಿ. ಬೊಗಳಕ್ಕೆ ಬಿಡದೇ ಇದ್ರೆ? ಗುರ್ ಅನ್ನೋದು ಸಿಟ್ಟಲ್ಲ ತಾಯಿ, ಮರ್ಯಾದೆ. ಸ್ವಾಮಿ, ನಂಗೆ ಇದು ಬೇಡ, ಸ್ವಲ್ಪ ಹಿಂದೆ ಹೋಗಿ ಅಂತ. ಅದನ್ನ ಕಿತ್ಕೊಂಡ್ರೆ ಬೇಡ ಅನ್ಸೋದು ಹೋಗಲ್ಲ. ಹೇಳೋದು ಹೋಗತ್ತೆ, ಅಷ್ಟೇ. ಒಳಗೇ ತುಂಬ್ಕೊಳತ್ತೆ. ನಾನು ಅವನ ತಟ್ಟೆ ಎತ್ತಕ್ಕೆ ದಿನಾ ಕೈ ಹಾಕ್ತಿದ್ದೆ. ಎಪ್ಪತ್ತು ದಿನ ಸುಮ್ನಿದ್ದ."

ಆಮೇಲೆ ಅವನು ಮತ್ತೆ ನೆಲ ಉಜ್ಜತೊಡಗಿದ. ಅಳತೆ ಅಕ್ಕನ ಕಣ್ಣಿಗೆ ಭಾನುವಾರದ ದಿಂಬು ಬಂತು. ಆಚೆ ತಿರುಗಿದ ಮುಖ, ನೆಕ್ಕಿಕೊಂಡ ಮೂಗು, ಕಣ್ಣಂಚಿನ ಬಿಳಿ. ಅದಕ್ಕೆ ಉಳಿದಿದ್ದ ಮಾತು ಅಷ್ಟೇ, ಅದನ್ನೂ ಅವಳ ಕಣ್ಣೆದುರಿಗೇ ಆಡಿತ್ತು. ಇಪ್ಪತ್ತಾರು ವರ್ಷ ಅವಳು ನಾಯಿಯ ಮನೆತನ ಕೇಳಿದ್ದಳು, ಮನಸ್ಸು ಕೇಳಿರಲಿಲ್ಲ. ಯಾವ ಮನೆತನದಲ್ಲಾದರೂ ಬಾಯಿ ಮುಚ್ಚಿಸಿಕೊಂಡವನೊಬ್ಬ ಇರಬಹುದು ಎಂಬುದು ಅವಳ ಪಾಠದಲ್ಲಿರಲಿಲ್ಲ.

ಏಪ್ರನ್ನು ಬಿಚ್ಚದೆಯೇ ಅವಳು ಬಸ್ಸು ಹತ್ತಿದಳು.

ಬಾಗಿಲು ತೆರೆದ ಮಗಳು ಮೊದಲು ನಕ್ಕಳು, ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಅಳಿಯ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಅಳತೆ ಅಕ್ಕ ಕೂರದೆ, ನೀರು ಕುಡಿಯದೆ ಹೇಳಿದಳು. ನಾಯಿಯನ್ನು ಮಗುವಿನ ಹತ್ತಿರ ಬಿಡಬೇಡಿ. ಆ ಬೆಲ್ಟು ತೆಗೆದುಬಿಡಿ. ಸಾಧ್ಯವಾದರೆ ಬೇರೆ ಮನೆಗೆ ಕೊಟ್ಟುಬಿಡಿ, ಮಗುವಿಲ್ಲದ ಮನೆಗೆ, ನಾನು ಹುಡುಕುತ್ತೇನೆ.

"ಕಾರ್ಡು ಕೊಟ್ಟಾದ್ಮೇಲೆ ಬೇರೆಯವರಿಗೆ ಕೊಡಂಗಿಲ್ಲ ಅಂತ ನೀನೇ ಹೇಳಿದ್ದಲ್ಲಮ್ಮಾ" ಎಂದಳು ಮಗಳು. "ನಿನ್ನೆ ಒಳ್ಳೇದು ಅಂತ ಮುದ್ರೆ ಹಾಕಿದೆ. ಇವತ್ತು ಕೆಟ್ಟದ್ದಾ?"

"ಕೆಟ್ಟದ್ದು ಅಂದಿಲ್ಲ ಪುಟ್ಟಾ. ಅದಕ್ಕೆ ಹೇಳಕ್ಕೆ ಬಿಡ್ತಿಲ್ಲ ನೀವು."

ಅಳಿಯ ನಿಧಾನವಾಗಿ ಕೈ ಒರೆಸಿಕೊಂಡ. "ಅತ್ತೆ, ನಿಮಗೆ ನನ್ನ ಮುಖ ಆಗಿಬರಲ್ಲ. ಗೊತ್ತು. ಈಗ ನಾಯಿ ನೆಪ."

"ಮುಖದ ಮಾತಲ್ಲ. ನೀವು ಲಿಫ್ಟ್ ಕೆಲಸದವರು, ನೀವೇ ಹೇಳಿ. ಲಿಫ್ಟಲ್ಲಿ ಭಾರ ಹೆಚ್ಚಾದ್ರೆ ಬೆಲ್ ಹೊಡ್ಕೊಳತ್ತೆ. ಕಿರಿಕಿರಿ ಅಂತ ಬೆಲ್ಲಿನ ವೈರು ಕಿತ್ತುಹಾಕಿದ್ರೆ ಭಾರ ಇಳೀತಾ?"

ಅವನಿಗೆ ಮಾತು ತಾಕಿತ್ತು. ಆದರೆ ತಾಕಿದ ಮಾತನ್ನು ಒಪ್ಪಿಕೊಳ್ಳುವುದು ಎಲ್ಲರ ಕೈಲಾಗುವುದಿಲ್ಲ, ಅದರಲ್ಲೂ ಅತ್ತೆಯಿಂದ. "ನಾಯಿ ಲಿಫ್ಟಲ್ಲ" ಎಂದು ಒಳಗೆ ಹೋದ.

ಆಗಲೇ ಮಗು ಅಂಬೆಗಾಲಿಡುತ್ತ ಅಡುಗೆಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ನಾಯಿ ತಟ್ಟೆಯಲ್ಲಿ ತಿನ್ನುತ್ತಿತ್ತು. ಮಗು ತಟ್ಟೆಯೊಳಗೆ ಕೈಯಿಟ್ಟಿತು. ದಿಂಬು ತಿನ್ನುವುದನ್ನು ನಿಲ್ಲಿಸಿತು. ಬರೀ ನಿಲ್ಲಿಸಲಿಲ್ಲ, ಮೈಯೆಲ್ಲ ನಿಂತಿತು. ಬಾಲ, ಕಿವಿ, ಬಾಯಿಯೊಳಗಿನ ತುತ್ತು, ಎಲ್ಲ. ಬೆನ್ನಿನ ಮೇಲೆ ಕತ್ತಿನಿಂದ ಬಾಲದವರೆಗೆ ಕೂದಲು ಒಂದು ಗೆರೆಯಾಗಿ ಎದ್ದಿತು. ಸದ್ದಿಲ್ಲ. ಮಗುವಿನ ಕೆನ್ನೆಗೂ ಆ ಮೂತಿಗೂ ನಡುವೆ ಒಂದು ಗೇಣು. ಅಳತೆ ಅಕ್ಕನಿಗೆ ಅಳತೆಯೇ ಕಾಣುವುದು, ಏನು ಮಾಡುವುದು.

ಎರಡು ಹೆಜ್ಜೆಗೆ ಹೋಗಿ ಮಗುವನ್ನು ಎತ್ತಿಕೊಂಡಳು. ಮಗು ಬೆದರಿ ಕಿರುಚಿತು. ನಾಯಿ ಮತ್ತೆ ತಿನ್ನತೊಡಗಿತು.

"ಏನ್ ಮಾಡ್ತಮ್ಮಾ ಅದು?" ಮಗಳ ಕಣ್ಣಲ್ಲಿ ನೀರಿತ್ತು. "ಹೇಳು, ಏನಾದ್ರೂ ಮಾಡ್ತಾ? ನೀನು ಹೆದರ್ಸಿದ್ದು ಅದನ್ನ. ಮಗೂನ ಕೊಡಿಲ್ಲಿ. ಹೋಗು, ದಯವಿಟ್ಟು ಹೋಗು."

ಏನೂ ಮಾಡಿರಲಿಲ್ಲ ಎಂಬುದು ನಿಜ. ಅದನ್ನೇ ಅವಳು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮಗು ತಟ್ಟೆಗೆ ಕೈಯಿಡತೊಡಗಿ ಎಷ್ಟನೆಯ ದಿನವಿರಬಹುದು ಇದು? ಮೂವತ್ತು? ಅರವತ್ತೊಂಬತ್ತು? ಕಚೇರಿಗೆ ಬಂದು ಬಾಗಿಲು ಮುಂದಕ್ಕೆ ಹಾಕಿ ದಿಂಬುವಿನ ಕಾರ್ಡು ತೆಗೆದಳು. ಹೊಸ ಕಾರ್ಡು ತೆಗೆದಳು. ತಲೆಯ ಅಗಲಕ್ಕೆ ಎರಡು ಬೆರಳು ಸೇರಿಸಿದಳು. ಮೂತಿಯನ್ನು ಉದ್ದ ಮಾಡಿದಳು. ಎದೆ, ಸೊಂಟ, ದವಡೆ. ಯಾವ ಸಂಖ್ಯೆ ಬರೆದರೆ ಪಿಟ್ ಬುಲ್ಲಾಗುತ್ತದೆಂದು ಆ ಊರಿನಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹದಿನಾರು ಗುರುತು. "ಮರು ಅಳತೆ" ಎಂದು ತಲೆಬರಹ ಹಾಕಿ ಮುದ್ರೆ ಒತ್ತಿದಳು. ಇಪ್ಪತ್ತಾರು ವರ್ಷದ ಸತ್ಯದ ಮೇಲೆ ನಂಬಿಕೆಯಿಟ್ಟು ಯಾರೂ ಈ ಸುಳ್ಳನ್ನು ಮುಟ್ಟಿ ನೋಡುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಮಂಗಳವಾರ ಬೆಳಿಗ್ಗೆ ವ್ಯಾನು ಹೋಯಿತು. ದಿಂಬು ತಾನಾಗಿಯೇ ಹತ್ತಿತಂತೆ. ಮಧ್ಯಾಹ್ನ ಮಗಳ ಫೋನು ಬಂತು.

"ಅದು ಪಿಟ್ ಬುಲ್ ಅಲ್ಲ" ಎಂದಳು. ಅಳುತ್ತಿರಲಿಲ್ಲ. "ಸುಳ್ಳು ಬರ್ದೆ. ನಿನ್ನ ಬಿಟ್ಟು ಇನ್ಯಾರು ಬರ್ದಿದ್ರೂ ತಪ್ಪು ಅನ್ಕೋತಿದ್ದೆ."

"ಪುಟ್ಟಾ, ಮಗು..."

"ಮಗು ಬೆಳಿಗ್ಗೆಯಿಂದ ಚಾಪೆ ಮೇಲೆ ಹುಡುಕ್ತಿದೆ. ಇನ್ಮೇಲೆ ಈ ಮನೆಗೆ ಬರ್ಬೇಡ." ಫೋನು ಇಟ್ಟಳು.

ಹಿಂದಿನ ಸಾಲಿನ ನಾಲ್ಕನೆಯ ಗೂಡಿನಲ್ಲಿ ದಿಂಬುವನ್ನು ಇಟ್ಟಿದ್ದರು. ಬಂದ ದಿನವೇ ಬಕೆಟ್ ಮಾವ ಬೆಲ್ಟು ಬಿಚ್ಚಿ ಬಿಸಾಡಿದ್ದ. ಆ ವಾರ ಡಾಕ್ಟರು ರಜೆಯಲ್ಲಿದ್ದುದರಿಂದ ನಾಯಿಗೆ ಇನ್ನೊಂದು ವಾರ ಆಯುಸ್ಸು ಸಿಕ್ಕಿತು. ಅಳತೆ ಅಕ್ಕ ಆ ಕಡೆ ಸುಳಿಯಲಿಲ್ಲ. ಬೇರೆ ನಾಯಿಗಳನ್ನು ಅಳೆದಳು, ಆದರೆ ಈಗ ಕೈವಾರ ಹಿಡಿದರೆ ಕಣ್ಣು ಸಂಖ್ಯೆಯ ಮೇಲೆ ನಿಲ್ಲುತ್ತಿರಲಿಲ್ಲ, ನಾಯಿಯ ಕಣ್ಣಿನ ಮೇಲೆ ಹೋಗುತ್ತಿತ್ತು. ಪಾಠ ಮಾಡು ಎಂದರೆ ಗಂಟಲು ಸರಿಯಿಲ್ಲ ಎಂದಳು.

ಅದರ ಮುಂದಿನ ಗುರುವಾರ ಹತ್ತು ಗಂಟೆಗೆ ಬಕೆಟ್ ಮಾವ ಅವಳ ಬಾಗಿಲಿಗೆ ಬಂದ. ಬಕೆಟ್ಟಿಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು.

"ಬನ್ನಿ ತಾಯಿ, ಒಂದ್ ನಿಮಿಷ."

ಅವನ ಹಿಂದೆ ಹೋದಳು. ಅವನು ನಾಲ್ಕನೆಯ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸರಳಿನ ಸಂದಿಯಿಂದ ಕೈ ಹಾಕಿ, ನಾಯಿಯ ತಟ್ಟೆಯನ್ನು ಮೆಲ್ಲಗೆ ಎಳೆದ. ದಿಂಬುವಿನ ಎದೆಯೊಳಗಿನಿಂದ ಸದ್ದು ಬಂತು. ಮೊದಲು ತುಕ್ಕು ಹಿಡಿದ ಬಾಗಿಲಿನ ಹಾಗೆ ತಡವರಿಸಿ, ಆಮೇಲೆ ಗಟ್ಟಿಯಾಗಿ. ಗುರ್. ತುಟಿ ಎದ್ದಿತು, ಹಲ್ಲು ಕಂಡಿತು. ಮುದುಕ ಕೂಡಲೇ ಕೈ ಹಿಂದಕ್ಕೆ ತೆಗೆದ. ನಾಯಿ ಸುಮ್ಮನಾಗಿ ಅವನನ್ನು ನೋಡಿತು, ಬಾಲ ಒಂದು ಸಲ ಆಡಿತು.

"ಮಾತು ಬಂತು!" ಮುದುಕನ ಕಣ್ಣು ತುಂಬಿತ್ತು. "ನೋಡಿದ್ರಾ, ಹೇಳ್ತಾನೆ, ಕೇಳಿದ್ರೆ ಸಾಕು ಸುಮ್ನಾಗ್ತಾನೆ. ಇನ್ನು ಇವನನ್ನ ನಂಬಬಹುದು. ನಂಗೆ ಕೊಡ್ಸಿ, ನಾನು ಸಾಕ್ಕೋತೀನಿ. ಇವನು ಆ ಪಟ್ಟಿ ನಾಯಿ ಅಲ್ಲ ಅಂತ ನನ್ನಂಥ ದಡ್ಡನಿಗೂ ಕಾಣತ್ತೆ. ತಪ್ಪಾಯ್ತು ಅಂತ ಬರೀರಿ ತಾಯಿ."

ಅವಳು ಸರಳು ಹಿಡಿದು ನಿಂತಳು. ತಪ್ಪಾಯಿತೆಂದು ಬರೆದರೆ ನಾಯಿ ಪಟ್ಟಿಯ ಹೊರಗೆ. ಹೊರಗಿನ ನಾಯಿ ಮುದುಕನಿಗೆ ಸಿಗುವುದಿಲ್ಲ, ಒಡೆಯನ ಮನೆಗೇ ಹೋಗಬೇಕು. ಮಗಳು ಬಾಗಿಲಲ್ಲೇ ತಬ್ಬಿಕೊಳ್ಳುತ್ತಾಳೆ. ಮಗು ಮತ್ತೆ ತಟ್ಟೆಗೆ ಕೈ ಹಾಕುತ್ತದೆ. ದಿಂಬು ಗುರ್ ಎನ್ನುತ್ತದೆ. ಅಳಿಯ ಅಂದೇ ಸಂಜೆ ಹೊಸ ಬೆಲ್ಟು ತರುತ್ತಾನೆ. ನಾಲ್ಕೇ ವಾರ. ಆಮೇಲೆ ದಿನ ಎಣಿಸಬೇಕು. ಮತ್ತೆ ತನ್ನ ಮಾತನ್ನು ಯಾರೂ ನಂಬುವುದಿಲ್ಲ, ಸುಳ್ಳು ಬರೆದವಳೆಂದು ಕೈವಾರವನ್ನೂ ಕಿತ್ತುಕೊಂಡಿರುತ್ತಾರೆ. ಆ ಹೆದರಿಕೆಯೂ ಇತ್ತು. ಇರಲಿಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ.

"ಆಗಲ್ಲ ಮಾವ" ಎಂದಳು.

ಮುದುಕ ತಟ್ಟೆಯನ್ನು ದಿಂಬುವಿನ ಕಡೆಗೆ ತಳ್ಳಿದ. ಎದ್ದು ಹೋದ.

ಡಾಕ್ಟರು ಹನ್ನೊಂದಕ್ಕೆ ಬಂದರು. ಚೀಲ ಇಳಿಸಿ, ಗೂಡಿನೊಳಗೆ ಇಣುಕಿ, ಕಾರ್ಡು ನೋಡಿ, ಮತ್ತೆ ಇಣುಕಿದರು. "ಅಕ್ಕಾ, ನನಗೇನೋ ಬಾಕ್ಸರ್ ಥರ ಕಾಣತ್ತಲ್ಲ. ಅಳತೆ ಸರಿ ಇದೆಯಾ?"

"ಇಪ್ಪತ್ತಾರು ವರ್ಷದಲ್ಲಿ ನಾನು ತಪ್ಪು ಬರ್ದಿದ್ದೀನಾ ಡಾಕ್ಟ್ರೇ?"

"ಛೆ, ನಿಮ್ಮನ್ನ ಕೇಳ್ತಿದ್ದೀನಲ್ಲ ನಾನು" ಎಂದು ನಕ್ಕು ಅವರು ಒಳಗೆ ಹೋದರು.

ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಗುರ್ ಎಂಬ ಸದ್ದು ಬಂತು, ಸ್ಪಷ್ಟವಾಗಿ, ಉದ್ದವಾಗಿ. ಡಾಕ್ಟರ ಮಾತೂ ಕೇಳಿಸಿತು: "ಆಯ್ತಪ್ಪಾ, ಆಯ್ತು, ಗೊತ್ತಾಯ್ತು ನಂಗೆ. ಮೊದಲೇ ಹೇಳ್ತಾನೆ ನೋಡಿ, ಇಂಥ ನಾಯಿಗಳಿಂದ ತೊಂದ್ರೆ ಇರಲ್ಲ." ಸದ್ದು ಇನ್ನೂ ಸ್ವಲ್ಪ ಹೊತ್ತು ಬರುತ್ತಲೇ ಇತ್ತು. ಅಳತೆ ಅಕ್ಕ ಅದು ನಿಲ್ಲುವ ತನಕ ಅಲ್ಲೇ ಕೂತಿದ್ದಳು, ನಿಂತ ಮೇಲೂ ಏಳಲಿಲ್ಲ.